ಸೂರಿಲ್ಲದವರಿಗೂ ಕಡಿಮೆ ಆದಾಯದ ಕುಟುಂಬಗಳಿಗೂ ಜೀವನ ಕೌಶಲ ತರಗತಿ: ಶಿವಮೊಗ್ಗದಲ್ಲಿ ಆರಂಭಿಸಿ ನಡೆಸುವ ಬಗೆ

ಶಿವಮೊಗ್ಗದ ರೈಲು ನಿಲ್ದಾಣದ ಸುತ್ತ, ಬಸ್ ನಿಲ್ದಾಣಗಳ ಬಳಿ, ಗಾಂಧಿ ಬಜಾರಿನ ಮುಚ್ಚಿದ ಅಂಗಡಿಗಳ ಜಗಲಿಗಳಲ್ಲಿ ರಾತ್ರಿ ಕಳೆಯುವವರಿಗೆ ಬದುಕುವ ಕೌಶಲ ತಿಳಿಯದು ಎಂದು ಭಾವಿಸಿ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು. ದಿನಕ್ಕೆ ಸಿಗುವ ಕೂಲಿಯಲ್ಲಿ ಊಟ, ಔಷಧಿ, ಊರಿಗೆ ಕಳಿಸುವ ಹಣ ಎಲ್ಲವನ್ನೂ ಹೊಂದಿಸುವವರಿಗೆ ಲೆಕ್ಕಾಚಾರವನ್ನು ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅವರಿಗೆ ಇಲ್ಲದಿರುವುದು ಗುರುತಿನ ಕಾಗದ, ಕಚೇರಿಯಲ್ಲಿ ನಿಂತು ಮಾತನಾಡುವ ಧೈರ್ಯ, ಸಾಲದ ಒಳಗುಟ್ಟನ್ನು ಬಿಡಿಸಿ ಹೇಳುವ ಒಬ್ಬರು, ಮತ್ತು ಇವೆಲ್ಲಕ್ಕೂ ಬೇಕಾದ ಬಿಡುವು. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳು ಶಾಲೆಯ ಮಕ್ಕಳನ್ನೂ ಹದಿಹರೆಯದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ನಿರ್ಧಾರ ಕೈಗೊಳ್ಳುವುದು, ಒತ್ತಡ ನಿಭಾಯಿಸುವುದು, ಸಂವಹನ ಮೊದಲಾದವು ವಯಸ್ಕರಿಗೂ ಬೇಕು, ಆದರೆ ಅವನ್ನು ಆಧಾರ್ ಕೇಂದ್ರದ ಸಾಲಿನಲ್ಲಿ, ಬ್ಯಾಂಕಿನ ಕೌಂಟರಿನ ಎದುರು, ಮೇಸ್ತ್ರಿಯೊಡನೆ ಬಟವಾಡೆಯ ಮಾತಿನಲ್ಲಿ ಕಲಿಸಿದರೆ ಮಾತ್ರ ನಿಲ್ಲುತ್ತವೆ. ಈ ಮಾರ್ಗದರ್ಶಿಯನ್ನು ಸಂಘ-ಸಂಸ್ಥೆಗಳಿಗೆ, ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳಿಗೆ, ಮಹಿಳಾ ಸ್ವಸಹಾಯ ಗುಂಪುಗಳಿಗೆ ಉಪಯೋಗವಾಗಲೆಂದು ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾರಿಗಾಗಿ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಪಠ್ಯಕ್ರಮ ಬರೆಯುವ ಮೊದಲು ಕೆಲವು ಸಂಜೆ ಮತ್ತು ನಸುಕಿನ ಹೊತ್ತು ನಗರದಲ್ಲಿ ನಡೆದಾಡಿ, ಜನರೊಡನೆ ಕುಳಿತು ಮಾತನಾಡಿ. 2011ರ ಜನಗಣತಿಯು ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಎಣಿಸಿತು, ರಸ್ತೆಬದಿ, ರೈಲು ನಿಲ್ದಾಣ, ಮೆಟ್ಟಿಲುಗಳ ಅಡಿ, ಪೂಜಾಸ್ಥಳಗಳ ಆವರಣದಲ್ಲಿ ಮಲಗುವವರು ಆ ಎಣಿಕೆಗೆ ಸೇರಿದವರು. ಆದರೆ ಶಿವಮೊಗ್ಗದಂಥ ಊರಿನಲ್ಲಿ ಈ ಒಂದು ಹೆಸರಿನಡಿ ಬೇರೆ ಬೇರೆ ಬದುಕುಗಳಿವೆ. ಹಮಾಲಿ, ಹೋಟೆಲ್, ಮದುವೆ ಮನೆಯ ಅಡುಗೆ ಕೆಲಸಗಳಿಗೆ ಹೋಗುವ ಒಂಟಿ ಗಂಡಸರು ಒಂದು ಬಗೆ. ಕಟ್ಟಡ ಕೆಲಸದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಉಳಿಯುವ, ಹೆಚ್ಚಾಗಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ಇನ್ನೊಂದು ಬಗೆ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದು, ಎರಡು ತಿಂಗಳ ಬಾಡಿಗೆ ತಪ್ಪಿದರೆ ಬೀದಿಗೆ ಬರುವ ಅಂಚಿನಲ್ಲಿರುವವರು ಮೂರನೆಯವರು. ಮನೆಯವರಿಂದ ದೂರವಾದ ವೃದ್ಧರು ಮತ್ತು ಮಾನಸಿಕ ಅಸ್ವಸ್ಥತೆಯಿಂದ ಅಲೆಯುವವರು ನಾಲ್ಕನೆಯವರು. ಇವರಿಗೆ ತರಗತಿಗಿಂತ ಮೊದಲು ಚಿಕಿತ್ಸೆ ಬೇಕು.

ಈ ನಾಲ್ಕೂ ಬಗೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಮೊದಲ ವರ್ಷ ಎರಡು ಗುಂಪು ಸಾಕು: ಒಂದು ಕುಟುಂಬಸ್ಥರದು, ಒಂದು ಒಂಟಿಯಾಗಿರುವವರದು. ಒಂದು ಗುಂಪಿನಲ್ಲಿ 12ರಿಂದ 15 ಜನರಿದ್ದರೆ ಪ್ರತಿಯೊಬ್ಬರೂ ಮಾತನಾಡಲು ಹೊತ್ತು ಸಿಗುತ್ತದೆ.

ಆರಂಭದ ಮಾತುಕತೆಯಲ್ಲಿ ಒಂದು ಭಯವನ್ನು ನೇರವಾಗಿ ನಿವಾರಿಸಬೇಕಾಗುತ್ತದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಅಡಿಯಲ್ಲಿ ಭಿಕ್ಷೆ ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಒಯ್ಯಲು ಅವಕಾಶವಿದೆ, ಹಾಗಾಗಿ ಹೆಸರು ಬರೆದುಕೊಳ್ಳುವ ಯಾರನ್ನು ಕಂಡರೂ ‘ವ್ಯಾನಿನವರು’ ಎಂಬ ಅನುಮಾನ ಬೀದಿಯಲ್ಲಿ ಮಲಗುವವರಿಗೆ ಹುಟ್ಟುತ್ತದೆ. ಮೊದಲ ಭೇಟಿಗಳಲ್ಲಿ ನೋಂದಣಿ ಪುಸ್ತಕ, ಕ್ಯಾಮೆರಾ ಎರಡನ್ನೂ ತರಬೇಡಿ. ‘ಅಣ್ಣ’, ‘ಅಕ್ಕ’, ‘ಅಜ್ಜ’ ಎಂದು ಕರೆದು, ಬಹುವಚನದಲ್ಲಿಯೇ ಮಾತನಾಡಿ. ಇಪ್ಪತ್ತರ ಹರೆಯದ ಕಾರ್ಯಕರ್ತರು ಐವತ್ತು ದಾಟಿದ ಕೂಲಿಕಾರರನ್ನು ಏಕವಚನದಲ್ಲಿ ಕರೆಯುವ ರೂಢಿಯು ಇಂಥ ಎಷ್ಟೋ ಪ್ರಯತ್ನಗಳನ್ನು ಮೊದಲ ದಿನವೇ ಕೆಡಿಸಿಬಿಡುತ್ತದೆ.

ಎರಡನೆಯ ಹೆಜ್ಜೆ: ಜಾಗ, ಹೊತ್ತು, ಋತು

ಬೆಳಿಗ್ಗೆ ಏಳಕ್ಕೆ ಕೂಲಿ ಸಿಗುವ ವೃತ್ತದಲ್ಲಿ ನಿಲ್ಲಬೇಕಾದವರನ್ನು ಹತ್ತು ಗಂಟೆಯ ತರಗತಿಗೆ ಕರೆಯುವುದೆಂದರೆ ಒಂದು ದಿನದ ಸಂಬಳ ಬಿಡಿ ಎಂದು ಹೇಳಿದಂತೆ. ಒಂಟಿ ಗಂಡಸರಿಗೆ ರಾತ್ರಿ ಊಟಕ್ಕೆ ಮುನ್ನ, ಏಳರಿಂದ ಎಂಟೂಕಾಲರವರೆಗಿನ ಹೊತ್ತು ಹೊಂದುತ್ತದೆ. ಕುಟುಂಬಗಳಿಗೆ ಬಟವಾಡೆ ಮತ್ತು ಸಂತೆಯ ದಿನ ಬಿಟ್ಟು ಭಾನುವಾರದ ಮಧ್ಯಾಹ್ನ ಅನುಕೂಲ. ಅಂಗನವಾಡಿ, ಸಮುದಾಯ ಭವನ, ಸರ್ಕಾರಿ ಶಾಲೆಯ ಕೊಠಡಿ, ಪಾಲಿಕೆಯ ವಸತಿರಹಿತರ ತಂಗುದಾಣ ಇವು ಸೂಕ್ತ ಜಾಗಗಳು. ಪೂಜಾಸ್ಥಳಕ್ಕೆ ಸೇರಿದ ಸಭಾಂಗಣವಾದರೆ ಎಲ್ಲ ಜಾತಿ-ಧರ್ಮದವರೂ ಅಳುಕಿಲ್ಲದೆ ಬರುತ್ತಾರೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಕುಡಿಯುವ ನೀರು, ಶೌಚಾಲಯ, ಗಂಟುಮೂಟೆ ಕಣ್ಣೆದುರು ಇಡಲು ಒಂದು ಮೂಲೆ ಅತ್ಯಗತ್ಯ. ತನ್ನ ಇಡೀ ಸಂಸಾರ ಒಂದು ಚೀಲದಲ್ಲಿರುವವನು ಅದನ್ನು ಹೊರಗಿಟ್ಟು ಒಳಗೆ ಬಂದು ಪಾಠ ಕೇಳಲಾರ.

ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ಉಳಿಯುವಷ್ಟು ಶಾಶ್ವತ ತಂಗುದಾಣ ಬೇಕೆಂದೂ, ತಲಾ ಕನಿಷ್ಠ 50 ಚದರ ಅಡಿ ಜಾಗವಿರಬೇಕೆಂದೂ ಹೇಳಿತ್ತು. 2011ರಲ್ಲೇ ಮೂರು ಲಕ್ಷ ಮೀರಿದ್ದ ಶಿವಮೊಗ್ಗಕ್ಕೆ ಈ ಅಳತೆಯನ್ನು ಹಿಡಿದು ನೋಡಿ, ಪಾಲಿಕೆಯೊಡನೆ ಮಾತನಾಡುವಾಗ ಈ ಲೆಕ್ಕವನ್ನು ಮುಂದಿಡಿ. ತರಗತಿಯು ತಂಗುದಾಣದ ಬದಲಿಯಲ್ಲ, ಎರಡೂ ಒಟ್ಟಿಗೆ ನಡೆಯಬೇಕು.

ಮಲೆನಾಡಿನಲ್ಲಿ ಋತುವನ್ನು ಮರೆತ ಯೋಜನೆ ಉಳಿಯದು. ಆರಿದ್ರಾದಿಂದ ಆಶ್ಲೇಷಾ ಮಳೆಯವರೆಗೆ ಕಟ್ಟಡ ಕೆಲಸ ಕುಂಠಿತಗೊಳ್ಳುತ್ತದೆ, ಕೈಯಲ್ಲಿ ಹಣವಿರುವುದಿಲ್ಲ, ಸಾಲ ಏರುವುದು ಆಗಲೇ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಗೆಗೆ ಹೋಗುವ ಹೆಂಗಸರು ರಾತ್ರಿ ತಡವಾಗುವವರೆಗೂ ದುಡಿಯುತ್ತಾರೆ. ಆದ್ದರಿಂದ ಹನ್ನೆರಡು ವಾರಗಳ ತರಗತಿಯನ್ನು ಫೆಬ್ರುವರಿ ಕೊನೆಯಲ್ಲಿ ಆರಂಭಿಸಿ ಮಳೆಗೆ ಮುನ್ನ ಮುಗಿಸುವುದು ಒಳ್ಳೆಯದು. ಆಗ ಕಾಗದಪತ್ರಗಳೂ ಉಳಿತಾಯವೂ ಮಳೆಗಾಲದ ಹೊತ್ತಿಗೆ ಕೈಯಲ್ಲಿರುತ್ತವೆ.

ಮೂರನೆಯ ಹೆಜ್ಜೆ: ಕಲಿಸುವವರು

ಒಬ್ಬ ಮುಖ್ಯ ನಿರ್ವಾಹಕಿ ಅಥವಾ ನಿರ್ವಾಹಕ, ಮಕ್ಕಳನ್ನು ನೋಡಿಕೊಳ್ಳುವ ಒಬ್ಬರು, ಮತ್ತು ಇದೇ ಬದುಕನ್ನು ಬಾಳಿ ಈಗ ಒಂದು ನೆಲೆ ಕಂಡುಕೊಂಡಿರುವ ಒಬ್ಬರು ಇದ್ದರೆ ತಂಡ ಪೂರ್ಣವಾಗುತ್ತದೆ. ಮೂರನೆಯವರಿಗೆ ಗೌರವಧನವನ್ನು ತಪ್ಪದೆ ಕೊಡಿ. ಅವರ ಮಾತಿಗೆ ಸಿಗುವ ನಂಬಿಕೆ ಪದವೀಧರರ ಮಾತಿಗೆ ಸಿಗುವುದಿಲ್ಲ. ಉರ್ದು, ತಮಿಳು, ಲಂಬಾಣಿ ಮಾತನಾಡುವವರು ಗುಂಪಿನಲ್ಲಿದ್ದರೆ ಆ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ಬ್ಯಾಂಕ್ ಅಧಿಕಾರಿ, ಆಶಾ ಕಾರ್ಯಕರ್ತೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಒಂದೊಂದು ದಿನ ಬರುವಂತೆ ಮುಂಚಿತವಾಗಿ ಕೇಳಿಕೊಳ್ಳಿ. ಭಾಷಣ ಹದಿನೈದು ನಿಮಿಷ ಮೀರದಿರಲಿ, ಉಳಿದ ಹೊತ್ತು ಪ್ರಶ್ನೆಗಳಿಗೆ.

ನಾಲ್ಕನೆಯ ಹೆಜ್ಜೆ: ಕಾಗದಪತ್ರಗಳಿಂದ ಆರಂಭ

ಮೊದಲ ಮೂರು ವಾರಗಳನ್ನು ಇದಕ್ಕೇ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಉಳಿದ ಎಲ್ಲ ಬಾಗಿಲುಗಳೂ ಇದರ ಹಿಂದಿವೆ. ಆಧಾರ್ ಇಲ್ಲದೆ ಪಡಿತರ ಚೀಟಿಯಿಲ್ಲ. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿಲ್ಲದೆ 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಇಲ್ಲ. ಆಧಾರ್ ಜೋಡಣೆಯಾದ ಖಾತೆಯಿಲ್ಲದೆ ಆ ಹಣ ಬಂದು ಸೇರುವ ದಾರಿಯಿಲ್ಲ. ಈ ಸರಪಣಿಯನ್ನು ಹಲಗೆಯ ಮೇಲೆ ಚಿತ್ರಗಳಲ್ಲಿ ಬರೆದು, ಪ್ರತಿಯೊಬ್ಬರೂ ತಾವು ಯಾವ ಕೊಂಡಿಯಲ್ಲಿ ನಿಂತಿದ್ದೇವೆ ಎಂಬುದನ್ನು ತೋರಿಸುವಂತೆ ಮಾಡಿ.

ಮೊದಲ ಬಾರಿಯ ಆಧಾರ್ ನೋಂದಣಿ ಉಚಿತ. ವಿಳಾಸದ ದಾಖಲೆ ಇಲ್ಲದವರಿಗೆ ಮಾನ್ಯತೆ ಪಡೆದ ತಂಗುದಾಣದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ನೀಡಬಹುದು, ಕುಟುಂಬದ ಮುಖ್ಯಸ್ಥರ ಆಧಾರ್ ಮೂಲಕ ಉಳಿದವರು ವಿಳಾಸ ಪಡೆಯುವ ವ್ಯವಸ್ಥೆಯೂ ಇದೆ. ಆಧಾರ್ ಮಾಡಿಸಿ ಕಳೆದುಕೊಂಡು ಸಂಖ್ಯೆಯನ್ನೂ ಮರೆತವರು ಬಹಳ. ಅವರು ಹೊಸದಾಗಿ ನೋಂದಾಯಿಸಲು ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ, ಆದ್ದರಿಂದ ಬೆರಳಚ್ಚಿನ ಮೂಲಕ ಹಳೆಯ ಸಂಖ್ಯೆಯನ್ನೇ ಆಧಾರ್ ಕೇಂದ್ರದಲ್ಲಿ ಹುಡುಕಿಸಬೇಕು.

ಮತದಾರರ ಪಟ್ಟಿಗೆ ಸೇರಲು ಮನೆ ಇರಬೇಕೆಂಬ ನಂಬಿಕೆ ವ್ಯಾಪಕವಾಗಿದೆ, ಅದು ನಿಜವಲ್ಲ. ನಮೂನೆ 6ರಲ್ಲಿ ತಾನು ಮಲಗುವ ಜಾಗವನ್ನು ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿಯು ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಹಾಗೆ ಖಚಿತವಾದರೆ ವಾಸದ ಬೇರೆ ದಾಖಲೆ ಬೇಕಿಲ್ಲ. ಈ ವಿಷಯವನ್ನು ತರಗತಿಯಲ್ಲಿ ಹೇಳಿದಾಗ ಜನರು ತಲೆಯೆತ್ತಿ ಕೂರುತ್ತಾರೆ, ಏಕೆಂದರೆ ತಾವು ಮಲಗುವ ಜಗಲಿಯನ್ನೂ ಒಂದು ಸರ್ಕಾರಿ ಕಾಗದ ವಿಳಾಸವೆಂದು ಒಪ್ಪುತ್ತದೆ ಎಂಬುದು ಅವರಿಗೆ ಹೊಸತು.

ಬ್ಯಾಂಕ್ ಖಾತೆಯ ವಿಷಯದಲ್ಲೂ ಒಂದು ಬಾಗಿಲಿದೆ. ಅಧಿಕೃತ ದಾಖಲೆ ಒಂದೂ ಇಲ್ಲದವರು ಬ್ಯಾಂಕ್ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಭಾವಚಿತ್ರ ಕೊಟ್ಟು ‘ಸಣ್ಣ ಖಾತೆ’ ತೆರೆಯಬಹುದು. ಅದರಲ್ಲಿ ಯಾವಾಗಲೂ 50,000 ರೂಪಾಯಿಗಿಂತ ಹೆಚ್ಚು ಉಳಿಕೆ ಇರುವಂತಿಲ್ಲ, ತಿಂಗಳಿಗೆ 10,000 ರೂಪಾಯಿಯವರೆಗೆ ತೆಗೆಯಬಹುದು. ಹನ್ನೆರಡು ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ ಪುರಾವೆ ಕೊಟ್ಟರೆ ಇನ್ನೂ ಹನ್ನೆರಡು ತಿಂಗಳು ಖಾತೆ ಮುಂದುವರಿಯುತ್ತದೆ. ಹೊಸ ಪಡಿತರ ಚೀಟಿಗೆ ಅರ್ಜಿ ಸ್ವೀಕಾರ ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲವಾದ್ದರಿಂದ ಆಹಾರ ಇಲಾಖೆಯಲ್ಲಿ ವಿಚಾರಿಸುತ್ತಿರಿ. ಬೇರೆ ಜಿಲ್ಲೆಯ ಚೀಟಿ ಇರುವವರು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು, ಊರಿಗೆ ಹೋಗಿಬರುವ ಖರ್ಚು ಬೇಡ.

ಪ್ರತಿ ವಾರ ಹೇಳಿಕೊಟ್ಟದ್ದನ್ನು ಮೂರು ದಿನದೊಳಗೆ ಕಚೇರಿಗೆ ಜೊತೆಯಾಗಿ ಹೋಗಿ ಮಾಡಿಸಿ. ಹೋಗುವ ಮುನ್ನ ತರಗತಿಯಲ್ಲಿ ಮೇಜಿಟ್ಟು ಒಬ್ಬರು ಗುಮಾಸ್ತರಾಗಿ, ಒಬ್ಬರು ಅರ್ಜಿದಾರರಾಗಿ ಅಭ್ಯಾಸ ಮಾಡಲಿ: ‘ಸರ್, ನನ್ನ ಅರ್ಜಿಗೆ ಸ್ವೀಕೃತಿ ಕೊಡಿ’, ‘ಆಗುವುದಿಲ್ಲ ಎಂಬುದಕ್ಕೆ ಕಾರಣವನ್ನು ಬರೆದು ಕೊಡಿ’. ಈ ಎರಡು ವಾಕ್ಯಗಳನ್ನು ತಗ್ಗದ ದನಿಯಲ್ಲಿ ಹೇಳಲು ಕಲಿತವರು ಸಂವಹನ ಕೌಶಲದ ದೊಡ್ಡ ಪಾಲನ್ನು ಕಲಿತಂತೆಯೇ. ಮೊದಲ ಭೇಟಿಯಲ್ಲಿ ನೀವು ಮಾತನಾಡಿ, ಎರಡನೆಯದರಲ್ಲಿ ಪಕ್ಕದಲ್ಲಿ ನಿಲ್ಲಿ, ಮೂರನೆಯದರಲ್ಲಿ ಹೊರಗೆ ಕಾಯಿರಿ.

ಐದನೆಯ ಹೆಜ್ಜೆ: ಹಣ ಮತ್ತು ಸಾಲ

ಆಯವ್ಯಯದ ಪಾಠವನ್ನು ತಿಂಗಳ ಲೆಕ್ಕದಲ್ಲಿ ಮಾಡುವುದು ವ್ಯರ್ಥ. ದಿನಗೂಲಿಯವರಿಗೆ ತಿಂಗಳಿಲ್ಲ, ಕೆಲಸ ಸಿಕ್ಕ ದಿನ ಮತ್ತು ಸಿಗದ ದಿನ ಮಾತ್ರ ಇವೆ. ಕಳೆದ ಏಳು ದಿನಗಳಲ್ಲಿ ಬಂದದ್ದೆಷ್ಟು, ಹೋದದ್ದೆಲ್ಲಿಗೆ ಎಂಬುದನ್ನು ಓದುಬರಹ ಬಾರದವರೂ ಮಾಡುವಂತೆ ಅಡಿಕೆಗಳನ್ನು ಎಣಿಸಿ ರಾಶಿ ಹಾಕಿಸಿ: ಒಂದು ಅಡಿಕೆಗೆ ನೂರು ರೂಪಾಯಿ. ಊಟದ ರಾಶಿ, ಕುಡಿತದ ರಾಶಿ, ಬಡ್ಡಿಯ ರಾಶಿ ಕಣ್ಣೆದುರು ಬೆಳೆದಾಗ ನಾವು ಬುದ್ಧಿ ಹೇಳಬೇಕಾದ ಅಗತ್ಯ ಬೀಳುವುದಿಲ್ಲ, ಹೇಳಲೂಬಾರದು.

ಸಾಲದ ಪಾಠಕ್ಕೆ ಎರಡು ವಾರ ಕೊಡಿ. ದಿನಬಡ್ಡಿಯವರು ಸಾಮಾನ್ಯವಾಗಿ ಹೇಳುವ ಲೆಕ್ಕವನ್ನೇ ತೆಗೆದುಕೊಳ್ಳೋಣ: ಕೈಗೆ 9,000 ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ಕಟ್ಟಿಸಿಕೊಳ್ಳುತ್ತಾರೆ. ‘ಒಂಬತ್ತು ಸಾವಿರಕ್ಕೆ ಒಂದೇ ಸಾವಿರ ಬಡ್ಡಿ’ ಎಂದು ಅದು ಹಗುರವಾಗಿ ಕೇಳಿಸುತ್ತದೆ. ಈಗ 90 ಅಡಿಕೆ ಕೊಟ್ಟು, ದಿನಕ್ಕೊಂದರಂತೆ ವಾಪಸು ಇಡಿಸುತ್ತ ಬನ್ನಿ. ಐವತ್ತನೆಯ ದಿನಕ್ಕೆ ಅವರ ಬಳಿ ಉಳಿದಿರುವುದು 40 ಅಡಿಕೆ, ಆದರೆ ಬಡ್ಡಿ ಮಾತ್ರ ಮೊದಲ ದಿನದ 90ರ ಮೇಲೆಯೇ ಗೊತ್ತಾಗಿದೆ. ಅಸಲು ಪ್ರತಿದಿನ ಕರಗುವುದನ್ನು ಲೆಕ್ಕಕ್ಕೆ ಹಿಡಿದರೆ ಇದು ವರ್ಷಕ್ಕೆ ಸುಮಾರು ಶೇಕಡ 80ರ ಬಡ್ಡಿ. ‘ನೂರಕ್ಕೆ ಐದು’ ಎಂಬ ತಿಂಗಳ ಬಡ್ಡಿ ವರ್ಷಕ್ಕೆ ಶೇಕಡ 60. ಇದನ್ನು ಕೈಯಿಂದ ಎಣಿಸಿ ಕಂಡವರು ಮುಂದೆ ಸಾಲ ತೆಗೆಯುವುದೇ ಇಲ್ಲ ಎಂದಲ್ಲ. ಮಗು ಆಸ್ಪತ್ರೆಯಲ್ಲಿದ್ದಾಗ ಯಾರೂ ಬಡ್ಡಿ ನೋಡುವುದಿಲ್ಲ. ಆದರೆ ಸ್ವಸಹಾಯ ಗುಂಪಿನ ಸಾಲ, ಬ್ಯಾಂಕಿನ ಸಾಲ, ಕೈಸಾಲ ಇವುಗಳ ನಡುವೆ ಯಾವುದನ್ನು ಮೊದಲು ತೀರಿಸಬೇಕೆಂದು ತಾವೇ ಆರಿಸಬಲ್ಲರು.

ವಸೂಲಿಗೆ ಬಂದವರು ಬೆದರಿಸುವುದು, ಮನೆಯ ಮುಂದೆ ಕೂರುವುದು, ಸಾಮಾನು ಎತ್ತಿಕೊಂಡು ಹೋಗುವುದು 2025ರಲ್ಲಿ ರಾಜ್ಯವು ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯ ವಿರುದ್ಧ ತಂದ ಕಾನೂನಿನಡಿ ಶಿಕ್ಷಾರ್ಹ. 112ಕ್ಕೆ ಕರೆ ಮಾಡುವುದನ್ನೂ, ಠಾಣೆಯಲ್ಲಿ ದೂರು ಬರೆಸುವುದನ್ನೂ ಅಭ್ಯಾಸ ಮಾಡಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ, ಇದಕ್ಕೆ ದೂರವಾಣಿ 15100.

ಉಳಿತಾಯಕ್ಕೆ ವಾರಕ್ಕೆ 50 ರೂಪಾಯಿಯ ಗುಂಪು ಪೆಟ್ಟಿಗೆಯೊಂದನ್ನು ಇಟ್ಟು, ಬೀಗದ ಕೈ ಒಬ್ಬರಲ್ಲಿ, ಪೆಟ್ಟಿಗೆ ಇನ್ನೊಬ್ಬರಲ್ಲಿ, ಲೆಕ್ಕ ಮೂರನೆಯವರಲ್ಲಿ ಇರಿಸಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ, 18ರಿಂದ 70 ವರ್ಷದ ಖಾತೆದಾರರೆಲ್ಲರೂ ಸೇರಬಹುದು. ಸಾರವೆ ಮೇಲೆ ನಿಂತು ಗಾರೆ ಕೆಲಸ ಮಾಡುವವರಿಗೆ ಇದನ್ನು ಮೊದಲು ಮಾಡಿಸಿ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಅದಕ್ಕಾಗಿ ಕೆಲಸದ ದಿನಗಳನ್ನು ಬರೆದಿಡುವ ಚಿಕ್ಕ ಪುಸ್ತಕವನ್ನು ಎಲ್ಲರಿಗೂ ಕೊಡಿ. ಕೂಲಿ ಕೊಡದೆ ಸತಾಯಿಸುವ ಮೇಸ್ತ್ರಿಯ ಎದುರು ಅದೇ ಪುಸ್ತಕ ಆಧಾರವಾಗುತ್ತದೆ. ಮೊಬೈಲಿನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನೂ, ಒಟಿಪಿಯನ್ನು ಯಾರಿಗೂ ಹೇಳಬಾರದೆಂಬುದನ್ನೂ ಪ್ರತಿ ವಾರ ನೆನಪಿಸಿ.

ಆರನೆಯ ಹೆಜ್ಜೆ: ಬಾಡಿಗೆ ಮನೆ

ಮನೆ ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಕೇಳುವುದು, ಕರಾರನ್ನು ಯಾರಿಂದಲಾದರೂ ಓದಿಸಿಕೊಂಡ ಮೇಲೆ ಸಹಿ ಹಾಕುವುದು, ಬಾಡಿಗೆ ತಡವಾಗುವುದಾದರೆ ಗಡುವಿಗೆ ಮುನ್ನವೇ ಮಾಲೀಕರಿಗೆ ತಿಳಿಸುವುದು ಅಭ್ಯಾಸವಾಗಬೇಕು. ಬಾಡಿಗೆದಾರರೂ ಮೆಸ್ಕಾಂ ಬಿಲ್ಲಿನ ಆರ್.ಆರ್. ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿ ಗೃಹಜ್ಯೋತಿಯ ಸೌಲಭ್ಯ ಪಡೆಯಬಹುದು, ಮನೆ ಬಿಡುವಾಗ ಆ ಜೋಡಣೆಯನ್ನು ತೆಗೆಸಿಕೊಳ್ಳಬೇಕು. ಮನೆ ದೂರದ ಬಡಾವಣೆಯಲ್ಲಿ ಅಗ್ಗವಾಗಿ ಸಿಕ್ಕರೆ ಬಸ್ಸಿನ ಖರ್ಚನ್ನೂ ಸೇರಿಸಿ ನೋಡಲಿ. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಲ್ಲಿ ಮಾತ್ರ, ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ.

ಏಳನೆಯ ಹೆಜ್ಜೆ: ದೇಹ, ಮನಸ್ಸು, ಮಕ್ಕಳು

ಆರೋಗ್ಯದ ಪಾಠ ಈ ನೆಲದ್ದಾಗಿರಲಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಸೌದೆಗೆ, ತರಗೆಲೆಗೆ ಕಾಡಂಚಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕಾಲಿನ ಗಾಯವನ್ನು ಕೊಳಚೆ ನೀರಿಗೆ ತಾಗಿಸದಿರುವುದು ಇಲಿಜ್ವರದಿಂದ ಕಾಪಾಡುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಬೇಕು. ಕ್ಷಯದ ಚಿಕಿತ್ಸೆ ಉಚಿತ, ಜೊತೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಸಾಧ್ಯವಾದರೆ ಮೆಗ್ಗಾನ್ ಆಸ್ಪತ್ರೆಗೆ ಗುಂಪಾಗಿ ಹೋಗಿ ಚೀಟಿ ಮಾಡಿಸುವ ಕಿಟಕಿ, ಔಷಧಿ ಕೊಡುವ ಕಿಟಕಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಮೇಜು ಇವನ್ನು ತೋರಿಸಿ ಬನ್ನಿ.

ಕುಡಿತ, ಸಿಟ್ಟು, ಮನೆಯೊಳಗಿನ ಹೊಡೆತ ಇವುಗಳ ಮಾತು ಎಂಟನೆಯ ವಾರಕ್ಕಿಂತ ಮುಂಚೆ ಬೇಡ. ಅಷ್ಟರೊಳಗೆ ಗುಂಪಿನಲ್ಲಿ ನಂಬಿಕೆ ಹುಟ್ಟಿರುತ್ತದೆ. ಹೆಂಗಸರ ಮಾತುಕತೆ ಪ್ರತ್ಯೇಕವಾಗಿ, ಹೆಣ್ಣು ನಿರ್ವಾಹಕಿಯೊಡನೆಯೇ ನಡೆಯಲಿ, ಮಹಿಳಾ ಸಹಾಯವಾಣಿ 181ನ್ನು ಬಾಯಿಪಾಠ ಮಾಡಿಸಿ. ಮನಸ್ಸಿನ ನೋವಿಗೆ ಟೆಲಿ ಮಾನಸ್ 14416 ಉಚಿತವಾಗಿದ್ದು ಕನ್ನಡದಲ್ಲೂ ಲಭ್ಯವಿದೆ. ಗುಂಪಿನಲ್ಲಿ ಕೇಳಿದ ಯಾರದೇ ಕಥೆಯನ್ನು ಹೊರಗೆ ಹೇಳುವುದಿಲ್ಲವೆಂಬ ನಿಯಮವನ್ನು ನಿರ್ವಾಹಕರೇ ಮೊದಲು ಪಾಲಿಸಬೇಕು, ವರದಿಗಳಲ್ಲಿಯೂ ಹೆಸರು ಬೇಡ.

ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಆಟ, ಚಿತ್ರ, ಕಥೆ, ಒಂದು ಬಾಳೆಹಣ್ಣು ಅಥವಾ ಮೊಟ್ಟೆ ಇರಲಿ. ಇದಿಲ್ಲದೆ ತಾಯಂದಿರು ಬರಲಾರರು. ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಜನನ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಕೆಲಸದ ಬೆನ್ನು ಹತ್ತಿ ಊರೂರು ತಿರುಗುವ ಕುಟುಂಬಗಳಿಗೆ ಇದನ್ನು ತಿಳಿಸಿ, ಮೇ ಕೊನೆಯ ವಾರ ಶಾಲೆಗೆ ನೀವೇ ಜೊತೆಯಾಗಿ ಹೋಗಿ.

ಎಂಟನೆಯ ಹೆಜ್ಜೆ: ಖರ್ಚು, ದಾಖಲೆ, ಮುಂದಿನ ನಂಟು

ಖರ್ಚಿನಲ್ಲಿ ಮೊದಲ ಸ್ಥಾನ ಊಟಕ್ಕೆ. ಹಸಿದವರಿಗೆ ಚಹಾ-ಬಿಸ್ಕತ್ತು ಸಾಲದು, ಅನ್ನ-ಸಾರಾದರೂ ಇರಲಿ. ಎರಡನೆಯದು ಬಸ್ ಚಾರ್ಜು ಮತ್ತು ಜೆರಾಕ್ಸ್, ಮೂರನೆಯದು ಗೌರವಧನ. ಕಾಗದಪತ್ರಗಳನ್ನು ನೀರು ತಾಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ. ಮೂಲ ದಾಖಲೆಗಳನ್ನು ಸಂಸ್ಥೆಯು ಇಟ್ಟುಕೊಳ್ಳಬಾರದು, ಕೇಳಿದರೂ ನಕಲನ್ನು ಮಾತ್ರ ಇಟ್ಟುಕೊಳ್ಳಿ.

ಹಾಜರಿಯ ಶೇಕಡಾವಾರು ಈ ಕೆಲಸದ ಅಳತೆಗೋಲಾಗಲಾರದು. ಕೂಲಿ ಸಿಕ್ಕಿ ತರಗತಿ ತಪ್ಪಿಸಿದವರು ಸರಿಯಾದುದನ್ನೇ ಮಾಡಿದ್ದಾರೆ. ಎಷ್ಟು ಮಂದಿಗೆ ಖಾತೆ ತೆರೆಯಿತು, ಯಾರ ದಿನಬಡ್ಡಿ ಸಾಲ ತೀರಿತು, ಎಷ್ಟು ಮಕ್ಕಳು ಜೂನ್ ತಿಂಗಳಲ್ಲಿ ಶಾಲೆಯಲ್ಲಿದ್ದರು, ಯಾರು ತಾವೊಬ್ಬರೇ ನಾಡಕಚೇರಿಗೆ ಹೋಗಿ ಬಂದರು ಎಂಬುದನ್ನು ಬರೆದಿಡಿ. ತಪ್ಪಿಸಿಕೊಂಡವರನ್ನು ಅವರು ಮಲಗುವ ಅಥವಾ ಕೂಲಿಗೆ ನಿಲ್ಲುವ ಜಾಗಕ್ಕೆ ಹೋಗಿ ಮಾತನಾಡಿಸಿ, ಕಳೆದ ವಾರದ ಪಾಠವನ್ನು ಐದು ನಿಮಿಷದಲ್ಲಿ ಹೇಳಿ ಬನ್ನಿ. ಹನ್ನೆರಡು ವಾರ ಮುಗಿದ ಮೇಲೆ ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಬಾಗಿಲು ತೆರೆದು ಕುಳಿತಿರಿ. ಬಾಕಿ ಉಳಿದ ಅರ್ಜಿಗಳು, ಬಾರದೆ ನಿಂತ ಪಿಂಚಣಿ, ಹೊಸ ಮನೆಯ ಕರಾರು ಹಿಡಿದು ಜನರು ಬರುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಈ ಭೇಟಿಯನ್ನು ಹದಿನೈದು ದಿನಕ್ಕೊಮ್ಮೆ ಇರಿಸಿಕೊಳ್ಳಿ.